ಮನೆಗಿಂತ ಮೊದಲು ಬಡಾವಣೆಯನ್ನು ನೋಡಿ: ಬೆಂಗಳೂರಿನಲ್ಲಿ ಏರಿಯಾ ಆಯ್ದುಕೊಳ್ಳುವುದು ಹೇಗೆ?

ಕಳೆದ ಬೇಸಿಗೆಯಲ್ಲಿ ಸೋದರಮಾವನ ಮಗನ ಜೊತೆ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಯೊಂದರಲ್ಲಿ ಮನೆ ನೋಡಲು ಹೋಗಿದ್ದೆ. 30x40ರ ನಿವೇಶನ, ಪೂರ್ವಕ್ಕೆ ಬಾಗಿಲು, ಹೊಸದಾಗಿ ಬಣ್ಣ ಬಳಿದ ಗೋಡೆ. ಅವನಿಗೆ ಎಲ್ಲವೂ ಒಪ್ಪಿಗೆಯಾಗಿತ್ತು. ಹೊರಗೆ ಬಂದು ರಸ್ತೆಯುದ್ದಕ್ಕೂ ಕಣ್ಣಾಡಿಸಿದಾಗ ಬೇರೆಯೇ ಸಂಗತಿ ಕಂಡಿತು. ಆ ಸಾಲಿನ ಹೆಚ್ಚುಕಡಿಮೆ ಎಲ್ಲ ಮನೆಗಳ ಗೇಟಿನ ಬುಡದಲ್ಲಿ ಒಂದಡಿ ಎತ್ತರದ ಸಿಮೆಂಟ್ ಕಟ್ಟೆ ಕಟ್ಟಿದ್ದರು, ಕರೆಂಟ್ ಮೀಟರುಗಳನ್ನು ಎದೆಮಟ್ಟಕ್ಕಿಂತ ಮೇಲಕ್ಕೆ ಎತ್ತಿ ಕೂರಿಸಿದ್ದರು, ಎದುರು ಮನೆಯ ಕಾಂಪೌಂಡಿನ ಮೇಲೆ ಮೊಣಕಾಲೆತ್ತರದಲ್ಲಿ ಕೆಸರಿನ ಗೆರೆಯೊಂದು ಒಣಗಿ ನಿಂತಿತ್ತು. ಮಳೆಗಾಲದಲ್ಲಿ ಅಲ್ಲಿಗೆ ನೀರು ನುಗ್ಗುತ್ತದೆ ಎಂಬುದನ್ನು ಮಾಲೀಕರು ಹೇಳಿರಲಿಲ್ಲ. ಒಂದು ಗಂಟೆ ಕಾಲ ವಾಸ್ತುವಿನ ಬಗ್ಗೆ ಮಾತಾಡಿದ ನಾವೂ ಅದನ್ನು ಕೇಳಿರಲಿಲ್ಲ.

ನಮ್ಮಲ್ಲಿ ಬಹುತೇಕರು ಮೊದಲು ಬಜೆಟ್, ಆಮೇಲೆ ಎಷ್ಟು ಬೆಡ್‌ರೂಮ್, ಆಮೇಲೆ ದಿಕ್ಕು, ಕೊನೆಗೆ ಏರಿಯಾ ಎಂಬ ಕ್ರಮದಲ್ಲಿ ಹೋಗುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನೆಲದ ಏರುತಗ್ಗು, ನೀರು, ಕಾಗದಪತ್ರ, ಓಡಾಟ, ಇವಿಷ್ಟನ್ನು ಮೊದಲು ನೋಡಿ, ಮನೆಯ ಒಳಗೆ ಕಾಲಿಡುವುದನ್ನು ಕೊನೆಗೆ ಇಟ್ಟುಕೊಳ್ಳಿ.

ಮೊದಲ ಹೆಜ್ಜೆ: ಇಲ್ಲಿ ಮೊದಲು ಏನು ಬೆಳೆಯುತ್ತಿದ್ದರು?

ಬೆಂಗಳೂರು ದಿಣ್ಣೆಯ ಮೇಲೆ ಕಟ್ಟಿದ ಊರು. ನಗರದ ನಡುವಿನ ಎತ್ತರದ ನೆಲದಿಂದ ಮಳೆನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಮತ್ತು ವೃಷಭಾವತಿ ಎಂಬ ಮೂರು ಮುಖ್ಯ ಕಣಿವೆಗಳಿಗೆ ಇಳಿಯುತ್ತದೆ. ಹೀಗೆ ಇಳಿಯುವ ನೀರನ್ನು ಹಿಡಿದಿಡಲು ನಮ್ಮ ಹಿಂದಿನವರು ಕೆರೆಗಳ ಸರಪಳಿ ಕಟ್ಟಿದ್ದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ಸೇರುತ್ತಿತ್ತು. ಇಂದಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ಕೆರೆ ಹೋದರೂ ಇಳಿಜಾರು ಹೋಗುವುದಿಲ್ಲವಾದ್ದರಿಂದ, ಜೋರು ಮಳೆ ಬಂದಾಗ ನೀರು ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು ಮತ್ತು ಸರ್ಜಾಪುರ ರಸ್ತೆಯ ಆಸುಪಾಸಿನಲ್ಲಿ, 2024ರ ಅಕ್ಟೋಬರ್‌ನಲ್ಲಿ ಯಲಹಂಕದಲ್ಲಿ, 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್‌ನಲ್ಲಿ ಜನರು ಮನೆಬಿಟ್ಟು ದೋಣಿ, ಟ್ರ್ಯಾಕ್ಟರ್ ಹತ್ತಬೇಕಾಗಿ ಬಂದದ್ದನ್ನು ನಾವೆಲ್ಲ ನೋಡಿದ್ದೇವೆ.

ಆದ್ದರಿಂದ ಬಡಾವಣೆಯ ನಡುವೆ ಉಳಿದಿರುವ ಮೂಲ ಹಳ್ಳಿಯನ್ನು ಮೊದಲು ಹುಡುಕಿ. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಬಹುಪಾಲು ಕಡೆ ಒಂದು ಹಳೆಯ ದೇವಸ್ಥಾನ, ಒಂದು ಅರಳಿಕಟ್ಟೆ, ಆ ಕಟ್ಟೆಯ ಮೇಲೆ ಇಬ್ಬರು ಮೂವರು ಹಿರಿಯರು ಇದ್ದೇ ಇರುತ್ತಾರೆ. 'ಯಜಮಾನ್ರೇ, ಈ ಸೈಟುಗಳಿರೋ ಕಡೆ ಮೊದಲು ಏನು ಬೆಳೀತಿದ್ರಿ?' ಎಂದು ಕೇಳಿ. ರಾಗಿ, ಹುರುಳಿ ಎಂದರೆ ಅದು ಎತ್ತರದ ಹೊಲ, ಅಷ್ಟರಮಟ್ಟಿಗೆ ನೆಮ್ಮದಿ. ಭತ್ತ ಎಂದರೆ ಅದು ಕೆರೆಯ ಕೆಳಗಿನ ಗದ್ದೆ, ನೀರು ಸಹಜವಾಗಿ ಬಂದು ನಿಲ್ಲುವ ಜಾಗ. ಹಳೆಯ ಪಹಣಿಯಲ್ಲಿಯೂ ಇದೇ ಉತ್ತರ ಸಿಗುತ್ತದೆ: ಖುಷ್ಕಿ ಎಂದಿದ್ದರೆ ಮಳೆಯಾಶ್ರಿತ ಒಣಭೂಮಿ, ತರಿ ಎಂದಿದ್ದರೆ ನೀರಾವರಿಯ ಗದ್ದೆ.

ಮುಂದಿನ ಕೆಲಸ ನಕ್ಷೆಯದು. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪನ್ನು ಮೊಬೈಲಿಗೆ ಹಾಕಿಕೊಂಡು ನಿವೇಶನದ ಮೇಲೆಯೇ ನಿಂತು ತೆರೆದರೆ ನೀವು ನಿಂತಿರುವ ಜಾಗದ ಸರ್ವೆ ನಂಬರ್ ಕಾಣುತ್ತದೆ. ಆ ನಂಬರನ್ನು ಹಿಡಿದು ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಸುತ್ತಮುತ್ತ ಕೆರೆ, ಹಳ್ಳ, ರಾಜಕಾಲುವೆ ಅಥವಾ ಖರಾಬು (ಸಾಗುವಳಿಗೆ ಒಳಪಡದ) ಜಮೀನು ಇದೆಯೇ ಎಂದು ನೋಡಿ. ಇದ್ದರೆ ಪ್ರವಾಹದ ಭಯ ಒಂದು ಕಡೆ, ಒತ್ತುವರಿ ತೆರವಿನ ಭಯ ಇನ್ನೊಂದು ಕಡೆ. ಇಷ್ಟೆಲ್ಲ ಮುಗಿಸಿದ ಮೇಲೂ, ಒಂದು ದೊಡ್ಡ ಮಳೆ ಬಿದ್ದ ಮರುದಿನ ಬೆಳಿಗ್ಗೆ ತಪ್ಪದೇ ಹೋಗಿ ಬನ್ನಿ, ಗೇಟಿನ ಕಟ್ಟೆಗಳನ್ನೂ ಗೋಡೆಯ ಗೆರೆಗಳನ್ನೂ ನೋಡಿ.

ಎರಡನೆಯದು: ನಲ್ಲಿಯ ನೀರು

ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ದಾರಿಯಲ್ಲಿ ಮೂರು ಸಲ ಪಂಪ್ ಆಗಿ ಮೇಲೇರಿ ಬರುತ್ತದೆ. ನಗರಕ್ಕೆ ಸೇರ್ಪಡೆಯಾದ 110 ಹಳ್ಳಿಗಳಿಗೆಂದು ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ, ಕಾವೇರಿ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಆದರೆ 'ಕಾವೇರಿ ಬಂದಿದೆ' ಎಂಬ ಮಾತಿಗೆ ಮೂರು ಅರ್ಥಗಳಿವೆ: ರಸ್ತೆಯಲ್ಲಿ ಪೈಪ್ ಹಾಕಿದ್ದಾರೆ, ಮನೆಗೆ ಸಂಪರ್ಕ ಕೊಟ್ಟಿದ್ದಾರೆ, ಸಂಪಿಗೆ (ನೆಲದಡಿಯ ತೊಟ್ಟಿಗೆ) ನೀರು ಬೀಳುತ್ತಿದೆ. ನಿಮಗೆ ಬೇಕಾದದ್ದು ಮೂರನೆಯದು. ಅದಕ್ಕೆ ಸಾಕ್ಷಿ ಜಲಮಂಡಳಿಯ ಬಿಲ್ಲು. ಕಳೆದ ಆರು ತಿಂಗಳ ಬಿಲ್ಲುಗಳನ್ನು ಕೇಳಿ ಪಡೆದು, ಎಷ್ಟು ನೀರು ಬಳಕೆಯಾಗಿದೆ ಎಂಬುದನ್ನು ನೋಡಿ.

2024ರ ಮಾರ್ಚ್‌ನಲ್ಲಿ ನಗರದ ಹೊರವಲಯದ ಸಾವಿರಾರು ಬೋರ್‌ವೆಲ್‌ಗಳು ಬತ್ತಿ ಹೋಗಿ, ದುಬಾರಿ ಫ್ಲ್ಯಾಟುಗಳಲ್ಲಿದ್ದವರೂ ಟ್ಯಾಂಕರಿಗಾಗಿ ಕಾದರು. ಹಾಗಾಗಿ ಅಪಾರ್ಟ್‌ಮೆಂಟ್ ಆದರೆ ಸಂಘದ ಲೆಕ್ಕಪತ್ರದಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಟ್ಯಾಂಕರಿಗೆ ಎಷ್ಟು ಖರ್ಚಾಗಿದೆ ಎಂದು ಕೇಳಲು ಸಂಕೋಚಪಡಬೇಡಿ. ಸ್ವತಂತ್ರ ಮನೆಯಾದರೆ ಬೇಸಿಗೆಯ ಒಂದು ಬೆಳಿಗ್ಗೆ ಆರರಿಂದ ಎಂಟರವರೆಗೆ ಆ ರಸ್ತೆಯ ತುದಿಯಲ್ಲಿ ನಿಂತು ಬಂದುಹೋಗುವ ಟ್ಯಾಂಕರುಗಳನ್ನು ಎಣಿಸಿ. ಬಾಗಿಲು ಸಾರಿಸುತ್ತಿರುವವರನ್ನು 'ಅಮ್ಮಾ, ನಿಮಗೆ ಎಷ್ಟು ದಿನಕ್ಕೊಂದು ಸಲ ನೀರು ಬಿಡ್ತಾರೆ?' ಎಂದು ಕೇಳಿದರೆ ದಿನ, ಹೊತ್ತು, ಎಷ್ಟು ಗಂಟೆ ಎಂಬುದೆಲ್ಲ ಒಂದೇ ಉಸಿರಿನಲ್ಲಿ ತಿಳಿಯುತ್ತದೆ. ಇಸ್ತ್ರಿ ಅಂಗಡಿಯವರು ಮತ್ತು ಹಾಲಿನ ಬೂತಿನವರು ಕೂಡ ಬ್ರೋಕರಿಗಿಂತ ನಿಜ ಹೇಳುತ್ತಾರೆ, ಏಕೆಂದರೆ ಅವರಿಗೆ ಈ ವ್ಯವಹಾರದಲ್ಲಿ ಕಮಿಷನ್ ಇಲ್ಲ. ಒಳಚರಂಡಿ ಸಂಪರ್ಕ ಇದೆಯೇ, ಅಥವಾ ಇನ್ನೂ ಪಿಟ್ ನಂಬಿಕೊಂಡಿದ್ದಾರೆಯೇ ಎಂಬುದನ್ನೂ ಅಲ್ಲಿಯೇ ಕೇಳಿಬಿಡಿ.

ಕಾಗದಪತ್ರ

ಮನೆಯ ದಾಖಲೆಗಳನ್ನು ಅನುಭವಿ ವಕೀಲರಿಗೇ ಒಪ್ಪಿಸಿ. ಬಡಾವಣೆಯ ಬಗ್ಗೆ ನೀವೇ ತಿಳಿಯಬೇಕಾದದ್ದು ಸ್ವಲ್ಪ ಇದೆ. ಅದು ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಅಥವಾ ಸಂಬಂಧಿಸಿದ ಯೋಜನಾ ಪ್ರಾಧಿಕಾರ ಅನುಮೋದಿಸಿದ ಲೇಔಟೇ, ಅಥವಾ ಕೃಷಿ ಜಮೀನನ್ನು ತುಂಡು ಮಾಡಿ ಮಾರಿದ ರೆವಿನ್ಯೂ ಲೇಔಟೇ? ಅನುಮೋದಿತ ನಕ್ಷೆಯಲ್ಲಿ ಪಾರ್ಕ್ ಮತ್ತು ಸಿಎ ಸೈಟ್ (ಸಾರ್ವಜನಿಕ ಸೌಲಭ್ಯಕ್ಕೆ ಮೀಸಲಿಟ್ಟ ನಿವೇಶನ) ಎಂದು ತೋರಿಸಿದ ಜಾಗದಲ್ಲಿ ಇಂದು ನಿಜವಾಗಿ ಏನಿದೆ? ಪಾಲಿಕೆಯ ಆಸ್ತಿ ದಾಖಲೆಯಾದ ಖಾತೆಯಲ್ಲಿ ಎ (ನಿಯಮಬದ್ಧ ಆಸ್ತಿ), ಬಿ (ಅನುಮೋದನೆಯಲ್ಲಿ ಕೊರತೆಯಿರುವ ಆಸ್ತಿ) ಎಂಬ ವ್ಯತ್ಯಾಸ ಬ್ಯಾಂಕ್ ಸಾಲದ ಹೊತ್ತಿಗೆ ಕಾಡುತ್ತದೆ. ನಗರದ ವ್ಯಾಪ್ತಿಯಲ್ಲಿ 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ, ಅಂದರೆ ಡಿಜಿಟಲ್ ಖಾತೆ, ಕಡ್ಡಾಯವಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ಪಾಲಿಕೆಗಳಾಗಿರುವುದರಿಂದ, ನಿಮ್ಮ ರಸ್ತೆ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಫ್ಲ್ಯಾಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಮತ್ತು ಸ್ವಾಧೀನಾನುಭವ ಪತ್ರ, ಅಂದರೆ ಓಸಿ, ಇಲ್ಲದೆ ಮುಂದಿನ ಮಾತು ಬೇಡ.

ಓಡಾಟದ ಲೆಕ್ಕ

'ಆಫೀಸಿನಿಂದ ಬರೀ ಒಂಬತ್ತು ಕಿಲೋಮೀಟರ್' ಎಂಬ ಮಾತಿಗೆ ಬೆಂಗಳೂರಿನಲ್ಲಿ ಬೆಲೆಯಿಲ್ಲ. ಶಾಲೆ ಇರುವ ಒಂದು ವಾರದ ದಿನ ಬೆಳಿಗ್ಗೆ ಎಂಟೂವರೆಗೆ ಆ ಮನೆಯ ಬಾಗಿಲಿನಿಂದ ಹೊರಟು ನಿಮ್ಮ ಕಚೇರಿ ತಲುಪಿ, ಸಂಜೆ ಆರೂವರೆಗೆ ಅದೇ ದಾರಿಯಲ್ಲಿ ಮರಳಿ ನೋಡಿ. ಮೆಟ್ರೊ ವಿಷಯದಲ್ಲಿ ಇಂದು ಓಡುತ್ತಿರುವ ರೈಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ತೆರೆಯುವವರೆಗೆ, ಆ ಭರವಸೆಯ ಮೇಲೆ ಮನೆ ಕೊಂಡವರು ವರ್ಷಗಟ್ಟಲೆ ಸಿಲ್ಕ್ ಬೋರ್ಡ್ ಸಿಗ್ನಲಿನಲ್ಲಿ ಕಾದಿದ್ದಾರೆ. ನಿಲ್ದಾಣ ಒಂದು ಕಿಲೋಮೀಟರ್ ಒಳಗೇ ಇದ್ದರೂ ಒಮ್ಮೆ ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಂಡು ನಡೆದು ನೋಡಿ. ಫುಟ್‌ಪಾತ್ ಇಲ್ಲದ ಒಂದು ಕಿಲೋಮೀಟರನ್ನು ಅಮ್ಮನೋ ಅತ್ತೆಯೋ ಸಂಜೆಗತ್ತಲಲ್ಲಿ ನಡೆಯಲಾರರು. ರಾತ್ರಿ ಹತ್ತರ ನಂತರ ಒಮ್ಮೆ, ಭಾನುವಾರ ಒಮ್ಮೆ ಹೋಗಿ ಬಂದರೆ ಬೀದಿದೀಪ, ಕಸದ ರಾಶಿ, ಗದ್ದಲ ಎಲ್ಲವೂ ಕಣ್ಣಿಗೆ ಬೀಳುತ್ತವೆ.

ಸಾಧ್ಯವಾದರೆ ಹನ್ನೊಂದು ತಿಂಗಳು

ಇಷ್ಟೂ ಪರೀಕ್ಷೆಗಳಿಗಿಂತ ನಾನು ಹೆಚ್ಚು ನಂಬುವುದು ಒಂದನ್ನು: ಕೊಳ್ಳಬೇಕೆಂದಿರುವ ಬಡಾವಣೆಯಲ್ಲಿಯೇ ಒಂದು ಕರಾರಿನ ಅವಧಿಗೆ, ಅಂದರೆ ಹನ್ನೊಂದು ತಿಂಗಳು, ಬಾಡಿಗೆಗೆ ಇರುವುದು. ಬಾಡಿಗೆ ದಂಡ ಎನ್ನುವವರು ಈ ಲೆಕ್ಕವನ್ನು ಗಮನಿಸಬೇಕು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿದರೆ ಒಂದು ಕೋಟಿಯ ಮನೆಗೆ ಸುಮಾರು 7.6 ಲಕ್ಷ ರೂಪಾಯಿ ಸರ್ಕಾರಕ್ಕೇ ಹೋಗುತ್ತದೆ. ಏರಿಯಾ ಹಿಡಿಸದೆ ಮಾರಿ ಇನ್ನೊಂದು ಕೊಂಡರೆ ಈ ಮೊತ್ತವನ್ನು ಮತ್ತೊಮ್ಮೆ ಕಟ್ಟಬೇಕು. ಅದರ ಪಕ್ಕದಲ್ಲಿ ತಿಂಗಳಿಗೆ 25 ಸಾವಿರದಂತೆ ಹನ್ನೊಂದು ತಿಂಗಳ ಬಾಡಿಗೆ 2.75 ಲಕ್ಷ.

ನನ್ನ ಸೋದರಮಾವನ ಮಗ ಆ ಮನೆಯನ್ನು ಕೈಬಿಟ್ಟು, ಅರಳಿಕಟ್ಟೆಯ ಹಿರಿಯರು 'ಇಲ್ಲೆಲ್ಲ ರಾಗಿ ಹೊಲ' ಎಂದ ಬಡಾವಣೆಯಲ್ಲಿ ಜೂನ್‌ನಿಂದ ಬಾಡಿಗೆಗೆ ಇದ್ದಾನೆ. ಮಳೆಗಾಲ ಮುಗಿಯುವವರೆಗೂ ರಸ್ತೆಯಲ್ಲಿ ನೀರು ನಿಲ್ಲಲಿಲ್ಲವಂತೆ. ಸಂಪಿಗೆ ಎರಡು ದಿನಕ್ಕೊಮ್ಮೆ ನೀರು ಬೀಳುತ್ತಿದೆ. ಏಪ್ರಿಲ್‌ನಲ್ಲಿ ಎಷ್ಟು ಬೀಳುತ್ತದೆ ಎಂದು ನೋಡಿಕೊಂಡೇ ಮುಂಗಡ ಕೊಡುತ್ತೇನೆ ಎಂದಿದ್ದಾನೆ.