ಕ್ಲಿನಿಕ್ ವೆಬ್‌ಸೈಟಿಗೆ ಭದ್ರತಾ ಸರ್ಟಿಫಿಕೇಟ್ ಹಾಕಿಸುವುದು ಹೇಗೆ?

ದಾವಣಗೆರೆಯಲ್ಲಿ ನಮ್ಮ ಚಿಕ್ಕಮ್ಮ ಹೆಂಗಸರ ಡಾಕ್ಟರು. ಅವರ ಕ್ಲಿನಿಕ್ ವೆಬ್‌ಸೈಟಿನ ಅಪಾಯಿಂಟ್‌ಮೆಂಟ್ ಫಾರ್ಮಿನಲ್ಲಿ ಮೂರು ಖಾನೆ ಇದ್ದವು: ಹೆಸರು, ಮೊಬೈಲ್ ನಂಬರ್, ‘ಏನು ತೊಂದರೆ?’. ಮೂರನೆಯದರಲ್ಲಿ ಜನ ಗಂಡನಿಗೂ, ತಾಯಿಗೂ ಹೇಳದ್ದನ್ನು ಬರೆಯುತ್ತಿದ್ದರು. ಸರ್ಟಿಫಿಕೇಟ್ ಇಲ್ಲದ ಸೈಟಿನಲ್ಲಿ ಆ ಮಾತು ಅಂಚೆ ಕಾರ್ಡಿನ ಹಾಗೆ ಹೋಗುತ್ತದೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಸರ್ಟಿಫಿಕೇಟ್ ಇದ್ದರೆ ಲಕೋಟೆಗೆ ಅಂಟು ಹಾಕಿದ ಹಾಗೆ.

ಮೊದಲು ನಿಮ್ಮ ಮೊಬೈಲಿನಲ್ಲೇ ಸೈಟ್ ತೆರೆದು ನೋಡಿ. ವಿಳಾಸ ‘ಎಚ್‌ಟಿಟಿಪಿಎಸ್’ ಎಂದು ಶುರುವಾಗಬೇಕು. ಕೊನೆಯ ‘ಎಸ್’ ಇಲ್ಲದ ಸೈಟಿಗೆ ಕ್ರೋಮ್ 2018ರ ಜುಲೈನಿಂದ ‘ನಾಟ್ ಸೆಕ್ಯೂರ್’ ಎಂದು ತೋರಿಸುತ್ತಿದೆ. ಬೀಗದ ಚಿತ್ರ ಹುಡುಕಬೇಡಿ, ಕ್ರೋಮ್ ಅದನ್ನು 2023ರಲ್ಲೇ ತೆಗೆದಿದೆ.

ಆಮೇಲೆ ಡೊಮೇನ್, ಅಂದರೆ ಸೈಟಿನ ವಿಳಾಸ, ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಿ. ಎಷ್ಟೋ ಕಡೆ ಸೈಟ್ ಮಾಡಿಕೊಟ್ಟ ಹುಡುಗನ ಇಮೇಲಿನಲ್ಲೇ ಎಲ್ಲ ಇರುತ್ತದೆ. ಅವನು ಊರು ಬಿಟ್ಟರೆ ಸರ್ಟಿಫಿಕೇಟ್ ಹಾಕಲೂ ಕಷ್ಟ, ಸರಿಪಡಿಸಲೂ ಕಷ್ಟ. ಲಾಗಿನ್ ಡಾಕ್ಟರ ಕೈಯಲ್ಲೇ ಇರಲಿ.

ಈಗ ಸರ್ಟಿಫಿಕೇಟ್. ಸುಮ್ನೆ ಸಾವಿರಾರು ರೂಪಾಯಿ ಕೊಡಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ 2015ರಿಂದ ಉಚಿತವಾಗಿ ಕೊಡುತ್ತಿದೆ. ದುಬಾರಿಯದರಲ್ಲಿ ಸಂಸ್ಥೆಯ ದಾಖಲೆಗಳನ್ನೂ ಪರಿಶೀಲಿಸುತ್ತಾರೆ, ಆದರೆ ಅಂಟು ಅಷ್ಟೇ ಗಟ್ಟಿ. ಸಣ್ಣ ಕ್ಲಿನಿಕ್‌ಗೆ ಉಚಿತದ್ದೇ ಸಾಕು. ನಿಮ್ಮ ಹೋಸ್ಟಿಂಗ್‌ನಲ್ಲಿ (ಸೈಟ್ ಇಟ್ಟಿರುವ ಬಾಡಿಗೆ ಜಾಗ) ಸಿಪ್ಯಾನೆಲ್ ಎಂಬ ನಿರ್ವಹಣೆಯ ಪುಟ ಇದ್ದರೆ ‘ಎಸ್‌ಎಸ್‌ಎಲ್/ಟಿಎಲ್‌ಎಸ್ ಸ್ಟೇಟಸ್’ ಪುಟಕ್ಕೆ ಹೋಗಿ ‘ರನ್ ಆಟೋಎಸ್‌ಎಸ್‌ಎಲ್’ ಒತ್ತಿ. ಆ ಬಟನ್ ಕಾಣದಿದ್ದರೆ ಹೋಸ್ಟಿಂಗ್‌ನವರಿಗೆ ಫೋನ್ ಮಾಡಿ ಕೇಳಿ. ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ’ ಇರುವ ವಿಳಾಸ, ಇಲ್ಲದ ವಿಳಾಸ ಎರಡಕ್ಕೂ ಬೇಕು.

ಹಾಕಿಸಿದ ಮೇಲೆ ‘ಎಸ್’ ಇಲ್ಲದ ಹಳೆಯ ವಿಳಾಸಕ್ಕೆ ಬಂದವರೂ ತಾವಾಗಿಯೇ ಹೊಸದಕ್ಕೆ ಹೋಗುವಂತೆ ರೀಡೈರೆಕ್ಟ್ ಮಾಡಿಸಿ. ಇದನ್ನು ಬಿಟ್ಟರೆ ಅರ್ಧ ಜನ ಅಂಚೆ ಕಾರ್ಡಿನಲ್ಲೇ ಬರೆಯುತ್ತಿರುತ್ತಾರೆ.

ನಾವು ಎಡವಿದ್ದು ನವೀಕರಣದಲ್ಲಿ. ಒಂದು ಸೋಮವಾರ ಬೆಳಿಗ್ಗೆ ಚಿಕ್ಕಮ್ಮನ ಸೈಟ್ ತೆರೆದವರಿಗೆಲ್ಲ ದೊಡ್ಡ ಎಚ್ಚರಿಕೆ ಕಂಡಿತು. ‘ಮೇಡಂ, ನಿಮ್ಮ ಸೈಟ್ ಹ್ಯಾಕ್ ಆಗಿದೆಯಾ?’ ಎಂದು ಫೋನ್ ಮೇಲೆ ಫೋನ್. ಆಗಿದ್ದು ಇಷ್ಟೇ: ಭಾನುವಾರ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು. ಲೆಟ್ಸ್ ಎನ್‌ಕ್ರಿಪ್ಟ್‌ನದು 90 ದಿನ ಮಾತ್ರ ಬಾಳುತ್ತದೆ, ನೆನಪಿಸುವ ಇಮೇಲನ್ನೂ ಅವರು 2025ರ ಜೂನ್‌ನಲ್ಲಿ ನಿಲ್ಲಿಸಿದರು. ದುಡ್ಡು ಕೊಟ್ಟು ತೆಗೆದುಕೊಂಡರೂ ತಪ್ಪಿಸಿಕೊಳ್ಳಲಾಗದು. ಹೊಸ ನಿಯಮದ ಪ್ರಕಾರ 2026ರ ಮಾರ್ಚ್ 15ರಿಂದ ಗರಿಷ್ಠ ಅವಧಿ 200 ದಿನ, 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ ಬರೀ 47. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಸಾಲದು, ನವೀಕರಣ ತಾನಾಗಿಯೇ ಆಗಬೇಕು. ‘ಆಟೋ ರಿನ್ಯೂಯಲ್ ಆನ್ ಇದೆಯಾ?’ ಎಂದು ನೇರವಾಗಿ ಕೇಳಿ. ಎರಡು ತಿಂಗಳು ಬಿಟ್ಟು ಹೊಸ ತಾರೀಕು ಬಂದಿದೆಯಾ ಎಂದೂ ನೋಡಿ. ಎಸ್‌ಎಸ್‌ಎಲ್ ಲ್ಯಾಬ್ಸ್ ಸೈಟಿನಲ್ಲಿ ವಿಳಾಸ ಕೊಟ್ಟರೆ ಆ ತಾರೀಕನ್ನು ಪುಕ್ಕಟೆಯಾಗಿ ತೋರಿಸುತ್ತದೆ.

ಇನ್ನೊಂದು ಮಾತು. ಸರ್ಟಿಫಿಕೇಟ್ ಕಾಯುವುದು ದಾರಿಯನ್ನು ಮಾತ್ರ. ಫಾರ್ಮ್ ತಲುಪಿದ ಮೇಲೆ ಅದು ಯಾರ ಇನ್‌ಬಾಕ್ಸಿಗೆ ಬೀಳುತ್ತದೆ, ಪಾಸ್‌ವರ್ಡ್ ಎಷ್ಟು ಜನರಿಗೆ ಗೊತ್ತು ಎಂದೂ ನೋಡಬೇಕು, ಅಲ್ವಾ? ಚಿಕ್ಕಮ್ಮನ ಇನ್‌ಬಾಕ್ಸಿನಲ್ಲಿ ನಾಲ್ಕು ವರ್ಷದ ಫಾರ್ಮುಗಳು ಹಾಗೇ ಬಿದ್ದಿದ್ದವು. ಅವನ್ನು ಅಳಿಸಿದೆವು, ಪಾಸ್‌ವರ್ಡ್ ಬದಲಿಸಿದೆವು. ಮೂರನೇ ಖಾನೆಯನ್ನು ಅವರೇ ತೆಗೆಸಿದರು. ಈಗ ಅಲ್ಲಿ ಹೆಸರು, ನಂಬರ್, ಬರುವ ಸಮಯ ಇಷ್ಟೇ ಇದೆ. ಉಳಿದದ್ದನ್ನು ಕೋಣೆಯ ಬಾಗಿಲು ಹಾಕಿಕೊಂಡು ಕೇಳುತ್ತಾರೆ.