ಬ್ಯಾಟರಿ ತುಂಬಿದ್ದರೂ ಇನ್ವರ್ಟರ್ ಕೂಗಿಕೊಂಡಾಗ

ನಮ್ಮ ಆರ್‌ವಿಯಲ್ಲಿ (ಮನೆಯಂತೆ ವಾಸಿಸಬಹುದಾದ ವಾಹನ) ಲ್ಯಾಪ್‌ಟಾಪ್, ಕೆಟಲ್ ಎರಡೂ ಹಾಕಿದರೆ ಇನ್ವರ್ಟರ್ ಕೂಗಿ ಆಫ್ ಆಗುತ್ತಿತ್ತು. ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. 600 ವ್ಯಾಟ್ ಲೋಡ್ ಕೊಟ್ಟೇ ಅಳೆಯಬೇಕು. ಲೋಡ್ ಇಲ್ಲದಾಗ ಈ ದೋಷ ಕಾಣುವುದೇ ಇಲ್ಲ.

ಬ್ಯಾಟರಿ ಟರ್ಮಿನಲ್‌ನಲ್ಲಿ 12.3 ವೋಲ್ಟ್, ಇನ್ವರ್ಟರ್‌ನಲ್ಲಿ ಬರೀ 10.4. ಉಳಿದದ್ದನ್ನು ತಿನ್ನುತ್ತಿದ್ದದ್ದು ನೆಗೆಟಿವ್ ಕೇಬಲ್ ಚಾಸಿಗೆ (ವಾಹನದ ಲೋಹದ ಚೌಕಟ್ಟು) ಸೇರುವ ಬೋಲ್ಟ್: ಲಗ್ಗಿನಡಿ (ಕೇಬಲ್ ತುದಿಯ ಲೋಹದ ಬಳೆ) ಪೇಂಟು, ಅದರ ಸುತ್ತ ತುಕ್ಕು. ಸುಮಾರು 60 ಆಂಪಿಯರ್ ಹರಿಯುವಾಗ 0.03 ಓಮ್ ರೋಧವೂ ಸಾಕು. ಆ ಬೋಲ್ಟ್ ಕೈ ಸುಡುವಷ್ಟು ಕಾಯುತ್ತದೆ, ಅದೇ ಗುರುತು.

ಲೋಡ್, ಚಾರ್ಜರ್, ಸೋಲಾರ್ ಎಲ್ಲ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಮೊದಲು ಕಳಚಿ. ಆ ಬೋಲ್ಟ್ ಬಿಚ್ಚಿ, ಲಗ್ ಕೂರುವ ಜಾಗವನ್ನು ಲೋಹ ಹೊಳೆಯುವವರೆಗೆ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ. ಲಗ್ ನೇರವಾಗಿ ಲೋಹಕ್ಕೇ ತಾಗಬೇಕು, ನಡುವೆ ವಾಷರ್ ಬೇಡ. ಬಿಗಿದ ಮೇಲೆ ವ್ಯಾಸಲೀನ್ ಸವರಿ. ಈಗ ವ್ಯತ್ಯಾಸ 0.2 ವೋಲ್ಟ್.