ಸಾವಿರ ರೂಪಾಯಿಯೊಳಗೆ ಸೈಕಲ್ಲಿಗೊಂದು ಬಿದರಿ ಉಡುಗೊರೆ

ಮೌಂಟನ್ ಬೈಕಿನ ಹುಚ್ಚು ಹಿಡಿದವರಿಗೆ ಕಡಿಮೆ ದುಡ್ಡಿನಲ್ಲಿ ಉಡುಗೊರೆ ಆರಿಸುವುದು ಎಷ್ಟು ತೊಡಕಿನ ಕೆಲಸವೆಂಬುದು ಸೈಕಲ್ ಬಿಚ್ಚಿ ಜೋಡಿಸಿದವರಿಗೆಲ್ಲ ತಿಳಿದಿದೆ. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಮಲ್ಟಿಟೂಲ್, ಟೈರ್ ಲಿವರ್, ಪ್ಯಾಚ್ ಡಬ್ಬಿಗಳು ಅವರ ಚೀಲದಲ್ಲಿ ಮೊದಲೇ ಇರುತ್ತವೆ. ಚೈನಿನ ಕ್ವಿಕ್ ಲಿಂಕ್ ಕೊಡೋಣವೆಂದರೆ ಎಷ್ಟು ಸ್ಪೀಡಿನದು, ಅಂದರೆ ಹಿಂದೆ ಎಷ್ಟು ಗೇರುಗಳಿವೆ ಎಂದು ಕೇಳಬೇಕು, ಬ್ರೇಕ್ ಪ್ಯಾಡ್ ಎಂದರೆ ಕ್ಯಾಲಿಪರ್ ಯಾವುದೆಂದು ನೋಡಬೇಕು, ಕೈಗವಸಾದರೆ ಅಳತೆ ಬೇಕು. ಕೇಳಿದ ಮೇಲೆ ಗುಟ್ಟು ಉಳಿಯುವುದಿಲ್ಲ. ಬೀದರಿನ ಹೊನ್ನಿಕೇರಿ ಕಾಡಿನಂಚಿನ ಕೆಮ್ಮಣ್ಣಿನ ದಾರಿಗಳಲ್ಲಿ ವಾರಕ್ಕೊಮ್ಮೆಯಾದರೂ ಸೈಕಲ್ ಇಳಿಸದಿದ್ದರೆ ಊಟ ರುಚಿಸದ ನನ್ನ ತಂಗಿಯ ಮಗನಿಗೆ, ಇಂದಿನ ಬಹುತೇಕ ಮೌಂಟನ್ ಬೈಕುಗಳಿಗೆ ಹೊಂದುವ, ಆದರೆ ಬೇರೆ ಯಾರ ಸೈಕಲ್ಲಿನಲ್ಲೂ ಇರದ ವಸ್ತುವೊಂದನ್ನು ಕೊಡಬೇಕೆಂದು ನಾನು ಹಟ ಹಿಡಿದೆ. ಹಾಗೆ ಹೊಳೆದದ್ದು ಬಿದರಿ ಕೆಲಸದ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಟಾಪ್ ಕ್ಯಾಪ್; ಹ್ಯಾಂಡಲ್ಲಿನ ನಡುವೆ, ಕೊಳವೆಯ ಮೇಲ್ತುದಿಯಲ್ಲಿ ಬೋಲ್ಟಿನಿಂದ ಕೂರುವ ಸಣ್ಣ ಮುಚ್ಚಳವದು.

ಈ ಭಾಗವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಇಂದಿನ ಮೌಂಟನ್ ಬೈಕುಗಳಲ್ಲಿ ಮುಂದಿನ ಚಕ್ರವನ್ನು ತಿರುಗಿಸುವ ಸ್ಟಿಯರರ್ ಕೊಳವೆ ಕೆಳಗೆ ಒಂದೂವರೆ ಇಂಚಿಗೆ ಅಗಲವಾಗಿದ್ದರೂ ಮೇಲ್ತುದಿಯಲ್ಲಿ ಸಾಮಾನ್ಯವಾಗಿ 28.6 ಮಿಲಿಮೀಟರೇ ಇರುತ್ತದೆ, ಬೋಲ್ಟ್ ಕೂಡ ಆರು ಮಿಲಿಮೀಟರಿನದೇ. ಬೇರಿಂಗ್‌ನ ಸಡಿಲವನ್ನು ತೆಗೆಯುವಷ್ಟೇ ಕ್ಯಾಪಿನ ಕೆಲಸ. ಹ್ಯಾಂಡಲ್ಲನ್ನು ಕೊಳವೆಗೆ ಹಿಡಿದಿಡುವ ಸ್ಟೆಮ್ಮಿನ ಬೋಲ್ಟುಗಳನ್ನು ಬಿಗಿದ ಮೇಲೆ ಭಾರವೆಲ್ಲ ಅವುಗಳ ಮೇಲೆ ಹೋಗುತ್ತದೆ. ಆದ್ದರಿಂದ ಅಲಂಕಾರಕ್ಕೆ ಕೈಯಾಡಿಸಲು ಸೈಕಲ್ಲಿನಲ್ಲಿ ಇದಕ್ಕಿಂತ ನಿರಪಾಯವಾದ ಜಾಗವಿಲ್ಲ. ಸವಾರನ ಕಣ್ಣಿಗೆ ಸದಾ ಬೀಳುವುದೂ ಇದೇ. ಸ್ಟೆಮ್ ಕೊಳವೆಯೊಳಗೇ ಇಳಿಯುವ, ಈ ಕ್ಯಾಪೇ ಇರದ ಹಳೆಯ ಕ್ವಿಲ್ ಸ್ಟೆಮ್ಮಿನ ಸೈಕಲ್ಲಿದ್ದವರು ಮಾತ್ರ ಈ ಆಸೆಯನ್ನು ಬಿಡಬೇಕು.

ಕೇಳಿದವರೆಲ್ಲ ನಕ್ಕರು. ಸೈಕಲ್ ರಿಪೇರಿಯ ಗೆಳೆಯರು, ಹೂದಾನಿ ಮಾಡುವ ಲೋಹವನ್ನು ಕಲ್ಲುದಾರಿಗೆ ಒಯ್ಯುವುದೇ ಎಂದರು. ಊರ ನಡುವಿನ ಚೌಬಾರಾ ಗೋಪುರದ ಕಡೆ ಓಣಿಯಲ್ಲಿ ಕೂರುವ ಬಿದರಿ ಉಸ್ತಾದರಂತೂ ನನ್ನ ನಕ್ಷೆಯನ್ನು ನೋಡಿ, "ಮಾಡಿ ಕೊಡ್ತೀನಿ ಸಾಹೇಬ್ರ, ಆದರ ಬೋಲ್ಟ್ ಬಿಗಿದ್ರ ಒಡೀತದರಿ" ಎಂದು ಮೊದಲೇ ಎಚ್ಚರಿಸಿದರು.

ಅವರು ಹೇಳಿದಂತೆಯೇ ಆಯಿತು. ಮರಳಚ್ಚಿನಲ್ಲಿ ಎರಕ ಹೊಯ್ದು ಪೂರ್ತಿ ಕ್ಯಾಪನ್ನೇ ಬಿದರಿಯಲ್ಲಿ ಮಾಡಿಸಿದ್ದೆ. ಬೋಲ್ಟಿನ ತಲೆ ಕೂತ ಜಾಗದಿಂದ ಅಂಚಿನವರೆಗೆ ಸೀಳು ಓಡಿತು. ಬಿದರಿಯ ಲೋಹದಲ್ಲಿ ಬಹುಪಾಲು ಸತುವೇ, ತಾಮ್ರ ಅಲ್ಪ; ಎಳೆತವನ್ನು ಅದು ತಾಳುವುದಿಲ್ಲ. ದಪ್ಪ ಹೆಚ್ಚಿಸಿ ಮಾಡಿಸಿದ್ದು ಒಡೆಯಲಿಲ್ಲವಾದರೂ ಸ್ಟೆಮ್ಮಿನ ಮೇಲೆ ಮಜ್ಜಿಗೆ ಗಡಿಗೆಯ ಮುಚ್ಚಳದಂತೆ ಎದ್ದು ಕಾಣುತ್ತಿತ್ತು, ತೂಕವೂ ಬೇಡದಷ್ಟಾಗಿತ್ತು. ಈ ಎರಡಕ್ಕೇ ಹೆಚ್ಚುಕಡಿಮೆ ಒಂದು ಸಾವಿರ ಹೋಯಿತು.

ಆಮೇಲೆ ಬೋಲ್ಟಿನ ಒತ್ತಡವನ್ನು ಸತುವಿನ ಮೇಲೆ ಬೀಳಿಸಲೇಬಾರದು ಎಂದು ನಿರ್ಧರಿಸಿದೆ. ಅಂಗಡಿಯಲ್ಲಿ ನೂರೈವತ್ತಕ್ಕೆ ಸಿಗುವ ಸಾದಾ ಅಲ್ಯೂಮಿನಿಯಂ ಕ್ಯಾಪನ್ನು ತಂದು, ನೌಬಾದಿನ ಲೇಥಿನಲ್ಲಿ ಅದರ ಉಬ್ಬಿದ ಮೈಯನ್ನು ಸಪಾಟು ಮಾಡಿಸಿ, ಅದರ ಮೇಲೆ ಸುಮಾರು ಎರಡು ಮಿಲಿಮೀಟರ್ ದಪ್ಪ, ಇಪ್ಪತ್ತೆಂಟು ಮಿಲಿಮೀಟರ್ ಅಗಲದ ಬಿದರಿ ಬಿಲ್ಲೆಯನ್ನು ಕೂರಿಸುವುದು, ಬಿಲ್ಲೆಯ ನಡುವೆ ಹನ್ನೆರಡು ಮಿಲಿಮೀಟರಿನ ರಂಧ್ರ ಬಿಟ್ಟು ಬೋಲ್ಟಿನ ತಲೆ ನೇರವಾಗಿ ಅಲ್ಯೂಮಿನಿಯಂ ಮೇಲೆಯೇ ಕೂರುವಂತೆ ಮಾಡುವುದು ಎಂಬ ಉಪಾಯ ಅದು. ಬಿಲ್ಲೆಯ ತೂಕ ಏಳೆಂಟು ಗ್ರಾಂ ಬಂತು.

ಇಲ್ಲಿಯೂ ಕೆಲಸದ ಕ್ರಮ ಕೈಕೊಟ್ಟಿತು. ಎರಕವಾದ ಮೇಲೆ ಅರ ಹಾಕಿ, ಗೆರೆ ಕಾಣಲೆಂದು ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪು ಮಾಡಿ, ಉಳಿಯಿಂದ ಕೆತ್ತಿ, ಬೆಳ್ಳಿ ಬಡಿದು, ಉಜ್ಜಿ, ಕಡೆಯಲ್ಲಿ ಬಿಸಿ ಮಾಡಿ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ಕಲಸಿನಿಂದ ಶಾಶ್ವತ ಕಪ್ಪು ಬರಿಸುವುದು ಬಿದರಿಯ ಪದ್ಧತಿ. ಅಂಟಿಸಿದ ಮೇಲೆ ಕೆತ್ತಿದರೆ ಹಿಡಿತ ಚೆನ್ನಾಗಿರುತ್ತದೆಂದು ಮೊದಲೇ ಆರಲ್ಡೈಟ್ ಹಾಕಿ ಕೊಟ್ಟಿದ್ದೆ. ಕೊನೆಯ ಬಿಸಿಗೆ ಅಂಟು ಬಿಟ್ಟಿತು, ನವಸಾಗರ ತಾಗಿ ಅಲ್ಯೂಮಿನಿಯಂ ಮೈಯೆಲ್ಲ ಕಲೆಗಟ್ಟಿತು. ಹಾಗಾಗಿ ಬಿಲ್ಲೆಯ ಕೆಲಸ ಪೂರ್ತಿ ಮುಗಿದು ತಣ್ಣಗಾದ ಮೇಲೆಯೇ ಅಂಟಿಸಬೇಕು, ಒಂದು ಹಗಲು ಒಂದು ರಾತ್ರಿ ಮುಟ್ಟಬಾರದು. ಅಂಟು ಹಚ್ಚುವ ಮುನ್ನ ಅಲ್ಯೂಮಿನಿಯಂ ಮೈಗೆ ನಾನು ಮಾಡುವ ಒಂದು ಸಂಸ್ಕಾರವಿದೆ, ಬಿಲ್ಲೆಯ ನಡುವನ್ನು ಕೂದಲೆಳೆಯಷ್ಟೂ ಅತ್ತಿತ್ತ ಹೋಗದಂತೆ ಹಿಡಿಯುವ ಸಣ್ಣ ಉಪಕರಣವೂ ಇದೆ. ಇವೆರಡನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮಣ್ಣಿನ ವಿಷಯ ಕೇಳಲೇಬೇಡಿ, ಬಿಸಿಲು ಮಳೆ ತಾಗದ ಮೂಲೆಯಿಂದ ತಂದು ನಾಲಿಗೆಗೆ ಹಚ್ಚಿ ಆರಿಸುವ ವಿದ್ಯೆ ಉಸ್ತಾದರದು.

ಎಂಟು ಮಿಲಿಮೀಟರಿನ ಪಟ್ಟಿಯಲ್ಲಿ ಅಶರ್ಫಿ ಬೂಟಿಯಂತಹ ಒತ್ತಾದ ಚಿತ್ತಾರ ಕೂರುವುದಿಲ್ಲ. ತೆಳು ಹಾಳೆಯ ತೆಹನಿಶಾನ್ ಕೆಲಸ ಅಂಚಿನಲ್ಲಿ ಏಳುತ್ತಿದ್ದುದರಿಂದ ತಂತಿಯ ತಾರಕಶಿಯಲ್ಲಿ ಒಂದು ಬಳ್ಳಿಯನ್ನು ಮಾತ್ರ ಸುತ್ತಿಸಿದೆ. ಈ ಮಾತಿನಲ್ಲಿ ನನ್ನ ಕಣ್ಣು ಉಸ್ತಾದರ ಕಣ್ಣಿಗಿಂತ ಮುಂದಿತ್ತೆಂದು ಅವರೇ ಒಪ್ಪಿದರು.

ಲೆಕ್ಕ ಹೇಳುವುದಾದರೆ ಕ್ಯಾಪಿಗೆ ನೂರೈವತ್ತು, ಲೇಥಿಗೆ ನೂರು, ಅಂಟಿಗೆ ಐವತ್ತು ಅರವತ್ತು, ಬಿಲ್ಲೆಗೆ ಐದುನೂರು ಆರುನೂರರ ನಡುವೆ, ಒಟ್ಟು ಒಂಬೈನೂರರ ಆಸುಪಾಸು. ಇದೇ ದುಡ್ಡಿಗೆ ಬಿದರಿ ಕೀಲಿಗೊಂಚಲು ಕೊಡಬಹುದಿತ್ತೆಂದು ತಂಗಿ ಗೊಣಗಿದಳು, ಆದರೆ ಹುಡುಗ ಕ್ಯಾಪನ್ನು ಅಂಗೈಯಲ್ಲಿ ಹಿಡಿದು, "ಮಾಮಾ, ಇದನ್ನ ಎಲ್ಲಿಂದ ತಂದ್ರಿ?" ಎಂದು ಕೇಳಿದಾಗ ಅವಳ ಗೊಣಗಾಟ ನಿಂತಿತು. ಪಾಪನಾಶದ ಕಡೆಯ ಇಳಿಜಾರು, ಜಂಬಿಟ್ಟಿಗೆ ಕಲ್ಲಿನ ಕುಲುಕಾಟ, ಭಾಲ್ಕಿ ಕಡೆಯ ಎರೆಮಣ್ಣಿನ ಕೆಸರು ಎಲ್ಲವನ್ನೂ ಕಂಡ ಮೇಲೂ ಬಿಲ್ಲೆ ಅಲುಗಿಲ್ಲ. ಚೈನಿನ ಜಿಡ್ಡು ತೆಗೆಯುವ ದ್ರಾವಣ ಅದರ ಮೇಲೆ ಬೀಳಬಾರದು, ನಿಂಬೆಯ ಅಂಶವಿರುವುದಂತೂ ಕೂಡದು. ಕಪ್ಪು ಮಂಕಾದಾಗ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು.

ಇದೇ ಭರದಲ್ಲಿ ಹ್ಯಾಂಡಲ್ಲಿನ ತುದಿಗೂ ಬಿದರಿ ಬಿರಡೆ ಮಾಡಿಸಿ ನೋಡಿದೆ. ಬಿದ್ದಾಗ ನೆಲಕ್ಕೆ ತಾಗುವುದು ಅದೇ ಮೊದಲು, ಜೊತೆಗೆ ಅಂಗೈಯ ಬೆವರಿಗೆ ಕಪ್ಪು ಬಣ್ಣ ಬೇಗ ಮಾಸುತ್ತದೆ, ಅದನ್ನು ಕೈಬಿಟ್ಟೆ. ನಕ್ಕಿದ್ದ ಗೆಳೆಯರಲ್ಲಿ ಇಬ್ಬರು ಈಗ ತಮಗೂ ಕ್ಯಾಪ್ ಬೇಕೆಂದು ಕೂತಿದ್ದಾರೆ. ಬೆಳ್ಳಿಯ ಬದಲು ಹಿತ್ತಾಳೆ ತಂತಿ ಹಾಕಿದರೆ ಅಗ್ಗವಾದೀತೆ ಎಂದು ಅವರ ಪರವಾಗಿ ಲೆಕ್ಕ ಹಾಕಿ ನೋಡಿದೆ. ಬಿಲ್ಲೆಗೆ ಹಿಡಿಯುವ ಬೆಳ್ಳಿ ಒಂದು ಗ್ರಾಮಿನ ಆಸುಪಾಸು ಮಾತ್ರ, ಬೆಲೆಯ ದೊಡ್ಡ ಪಾಲು ಕೈಕೆಲಸದ್ದು. ಹಿತ್ತಾಳೆ ಹಾಕಿದರೂ ಉಳಿಯುವುದು ಅಷ್ಟಕ್ಕಷ್ಟೇ, ಆದ್ದರಿಂದ ಅವರಿಬ್ಬರದಕ್ಕೂ ಬೆಳ್ಳಿಯನ್ನೇ ಹೇಳಿ ಬಂದಿದ್ದೇನೆ.